ಎದೆಯ ಮೂಳೆ ಮುರಿದರೆ ಬೆನ್ನಿಗೆ ಯಾಕೆ ಸ್ಕ್ಯಾನ್?

ನಿಮ್ಮ ತಂದೆ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಎದೆಮೂಳೆ, ಪಕ್ಕೆಲುಬು ಮುರಿದಿವೆ, ಬೆನ್ನು ನೋವಿಲ್ಲ ಅನ್ನುತ್ತಿದ್ದಾರೆ, ಆದರೂ ಬೆನ್ನಿಗೆ ಸಿಟಿ ಸ್ಕ್ಯಾನ್ ಬೇಕಾ ಅಂತ ಕೇಳಿದ್ದೀರಿ. ಬೇಕು. ಇವತ್ತೇ ಮಾಡಿಸಿ.

ನಾನು ಡಾಕ್ಟರ್ ಅಲ್ಲ. ಸೋಮವಾರಪೇಟೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ನಮ್ಮಣ್ಣನೂ ಹೀಗೇ ಸಿಲ್ವರ್ ಮರದಿಂದ ಏಣಿ ಸಮೇತ ಬಿದ್ದ. ನಾವು ನಾಲ್ಕು ಜನ ಕೈಕಾಲು ಹಿಡಿದು ಎತ್ತಿ, ಜೀಪಿನಲ್ಲಿ ಕೂರಿಸಿಕೊಂಡು ಆ ತಿರುವುಗಳಲ್ಲಿ ಓಡಿದೆವು. ಹಾಗೆ ಎತ್ತಲೇಬಾರದಿತ್ತು, 108ಕ್ಕೆ ಫೋನ್ ಮಾಡಿ ಅಲುಗಾಡಿಸದೆ ಮಲಗಿಸಿರಬೇಕಿತ್ತು. ಮೊದಲು ಹೋದ ಆಸ್ಪತ್ರೆಯಲ್ಲಿ ಎದೆಗೆ ಮಾತ್ರ ಎಕ್ಸ್‌ರೇ ತೆಗೆದರು. ಎರಡು ದಿನ ಬಿಟ್ಟು ಎದೆನೋವು ಸ್ವಲ್ಪ ತಗ್ಗಿದ ಮೇಲೆ ಬೆನ್ನು ಅಂತ ನರಳಲು ಶುರು ಮಾಡಿದ. ಮೈಸೂರಿನಲ್ಲಿ ಸಿಟಿ ಮಾಡಿದರೆ ಬೆನ್ನುಮೂಳೆ ಒಂದು ಕಡೆ ಕುಸಿದಿತ್ತು.

ಒಂದು ಕಡೆ ನೋವು ಜೋರಾಗಿದ್ದರೆ ಇನ್ನೊಂದು ಕಡೆಯದ್ದು ಗೊತ್ತೇ ಆಗುವುದಿಲ್ಲ, ಅದರ ಮೇಲೆ ನೋವಿನ ಇಂಜೆಕ್ಷನ್ ಬೇರೆ. ಪ್ರಜ್ಞೆ ಇಲ್ಲದವರು, ವೆಂಟಿಲೇಟರ್‌ನಲ್ಲಿ ಇರುವವರು ಹೇಳುವುದಾದರೂ ಹೇಗೆ? ಇನ್ನೊಂದು ವಿಷಯ, 12 ಜೊತೆ ಪಕ್ಕೆಲುಬೂ ಹಿಂದೆ ಬೆನ್ನುಮೂಳೆಗೇ ಸೇರಿರುತ್ತವೆ, ಹೆಚ್ಚಿನವು ಮುಂದೆ ಎದೆಮೂಳೆಗೆ. ಈ ಗೂಡೇ ಬೆನ್ನಿಗೆ ಆಸರೆ. ಗೂಡು ಮುರಿದಾಗ ಬೆನ್ನೂ ಮುರಿದಿದ್ದರೆ ಅದು ಜಾರುವ ಭಯ ಜಾಸ್ತಿ, ಒಳಗೆ ನರದ ಹುರಿ ಇರುತ್ತದೆ ಅಲ್ವಾ.

ಬೇಗ ಮಾಡಿಸಿ ಅನ್ನುವುದಕ್ಕೆ ದೊಡ್ಡ ಕಾರಣ ಇದು. ಪಕ್ಕೆಲುಬು ಮುರಿದವರು ನೋವಿಗೆ ಹೆದರಿ ಉಸಿರನ್ನು ಪೂರ್ತಿ ಎಳೆದುಕೊಳ್ಳುವುದಿಲ್ಲ, ಕೆಮ್ಮುವುದಿಲ್ಲ. ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ, ವಯಸ್ಸಾದವರಿಗೆ ಅದು ಜೀವಕ್ಕೇ ಅಪಾಯ. ಹಾಗಾಗಿ ಎದೆಗೆ ಎದ್ದು ಕೂರುವುದು ಒಳ್ಳೆಯದು. ಬೆನ್ನು ಮುರಿದಿದ್ದರೆ ಕೂರಿಸುವಂತಿಲ್ಲ! ಎರಡರಲ್ಲಿ ಯಾವುದು ಅಂತ ಸ್ಕ್ಯಾನ್ ನೋಡದೆ ಡಾಕ್ಟರ್ ಹೇಗೆ ಹೇಳುತ್ತಾರೆ?

ಅಲ್ಲಿಯವರೆಗೆ ಗಂಜಿ ಕುಡಿಸೋಣ ಅಂತ ಸುಮ್ನೆ ಎಬ್ಬಿಸಬೇಡಿ. ಮಗ್ಗುಲು ಬದಲಿಸಬೇಕಾದರೆ ನರ್ಸ್‌ನ ಕರೆಯಿರಿ, ತಲೆ, ಭುಜ, ಸೊಂಟ ಒಟ್ಟಿಗೇ ಹಿಡಿದು ಮರದ ದಿಮ್ಮಿ ಉರುಳಿಸಿದ ಹಾಗೆ ತಿರುಗಿಸುತ್ತಾರೆ. ನೋವಿನ ಔಷಧಿ ಬೇಡ ಅನ್ನಬೇಡಿ, ನೋವು ತಗ್ಗಿದರೇ ಉಸಿರು ಬರುವುದು. ಕಾಲು ಜೋಮು ಹಿಡಿದರೆ, ಬೆರಳು ಆಡದಿದ್ದರೆ, ಮೂತ್ರ ಕಟ್ಟಿದರೆ, ಉಸಿರು ಎಳೆದಾಗ ಎದೆಯ ಒಂದು ಕಡೆ ಮಾತ್ರ ಒಳಕ್ಕೆ ಹೋಗುತ್ತಿದ್ದರೆ ಆ ಕ್ಷಣವೇ ಡಾಕ್ಟರನ್ನು ಕರೆಯಿರಿ. ಸ್ಕ್ಯಾನ್‌ನಲ್ಲಿ ಏನು ಬಂತು ಅಂತ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.