ಪ್ಯಾರಾಮೋಟರ್ ಪ್ರೊಪೆಲ್ಲರ್: ಸದ್ದು ಇಳಿಸುವುದು, ನೂಕುಬಲ ಉಳಿಸುವುದು

ಪ್ರಶ್ನೆ: ನಾನು ಎರಡು ವರ್ಷಗಳಿಂದ ಕೋಲಾರದ ಹತ್ತಿರದ ಬಯಲಿನಲ್ಲಿ ಪ್ಯಾರಾಮೋಟರ್ (ಬೆನ್ನಿಗೆ ಎಂಜಿನ್ ಕಟ್ಟಿಕೊಂಡು ಬಟ್ಟೆಯ ರೆಕ್ಕೆಯಡಿ ಹಾರುವ ಸಾಧನ) ಹಾರಿಸುತ್ತಿದ್ದೇನೆ. ನನ್ನದು 185 ಸಿಸಿ ಟೂ-ಸ್ಟ್ರೋಕ್ ಎಂಜಿನ್, 2.68 ರಿಡಕ್ಷನ್ (ಎಂಜಿನ್ 2.68 ಸುತ್ತು ತಿರುಗಿದಾಗ ಪ್ರೊಪೆಲ್ಲರ್ ಒಂದು ಸುತ್ತು), ಎರಡು ಅಲಗಿನ 125 ಸೆಂ.ಮೀ. ಕಾರ್ಬನ್ ಪ್ರೊಪೆಲ್ಲರ್. ಪಕ್ಕದ ಕೋಳಿ ಫಾರಂನವರು ಸದ್ದಿನ ಬಗ್ಗೆ ತಕರಾರು ತೆಗೆದಿದ್ದಾರೆ. ಮೂರು ಅಲಗಿನದು ಹಾಕಿಸು ಎಂದು ಒಬ್ಬ ಗೆಳೆಯ, 140 ಸೆಂ.ಮೀ.ನದು ಹಾಕಿಸು ಎಂದು ಇನ್ನೊಬ್ಬ ಹೇಳುತ್ತಾನೆ. ಸದ್ದು ಇಳಿದು ಪೆಟ್ರೋಲೂ ಉಳಿಯುವ ದಾರಿ ಯಾವುದು?

ಉತ್ತರ: ನಿಮ್ಮ ಇಬ್ಬರು ಗೆಳೆಯರ ಮಾತಿನಲ್ಲೂ ಅರ್ಧ ಸತ್ಯವಿದೆ, ಇಬ್ಬರೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟಿರುವುದು ಅಲಗಿನ ತುದಿಯ ವೇಗವನ್ನು. ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ನಿಮಿಷಕ್ಕೆ 7,800 ಸುತ್ತು ತಿರುಗುತ್ತದೆ ಎಂದಿಟ್ಟುಕೊಂಡರೆ ನಿಮ್ಮ ಪ್ರೊಪೆಲ್ಲರ್ ಸುಮಾರು 2,910 ಸುತ್ತು ತಿರುಗುತ್ತದೆ, ಮತ್ತು ಅದರ ತುದಿ ಸೆಕೆಂಡಿಗೆ 190 ಮೀಟರ್ ವೇಗದಲ್ಲಿ, ಅಂದರೆ ಶಬ್ದದ ವೇಗದ ಅರ್ಧಕ್ಕಿಂತ ತುಸು ಹೆಚ್ಚಿನ ವೇಗದಲ್ಲಿ, ಗಾಳಿಯನ್ನು ಸೀಳುತ್ತಿರುತ್ತದೆ. ಪ್ರೊಪೆಲ್ಲರಿನ ಸದ್ದಿನ ಶಕ್ತಿಯು ಸ್ಥೂಲವಾಗಿ ಈ ವೇಗದ ಐದನೆಯ ಅಥವಾ ಆರನೆಯ ಘಾತವನ್ನು ಅನುಸರಿಸುವುದರಿಂದ, ತುದಿಯ ವೇಗವನ್ನು ಶೇ 10ರಷ್ಟು ಇಳಿಸಿದರೆ ಎರಡೂವರೆ ಡೆಸಿಬಲ್‌ನಷ್ಟು ಸದ್ದು ಇಳಿಯುತ್ತದೆ. ಬೇರೆ ಉಪಾಯಗಳನ್ನೆಲ್ಲ ಈ ಅಳತೆಗೋಲಿಗೆ ಹಿಡಿದು ನೋಡಬೇಕು.

ಈಗ 140 ಸೆಂ.ಮೀ. ಸಲಹೆಯನ್ನು ಪರಿಶೀಲಿಸೋಣ. ಹೆಚ್ಚು ಗಾಳಿಯನ್ನು ನಿಧಾನವಾಗಿ ಹಿಂದಕ್ಕೆ ತಳ್ಳುವುದು, ಕಡಿಮೆ ಗಾಳಿಯನ್ನು ರಭಸದಿಂದ ತಳ್ಳುವುದಕ್ಕಿಂತ ಅಗ್ಗ ಎಂಬುದನ್ನು ರ‍್ಯಾಂಕಿನ್ ಮತ್ತು ಫ್ರೂಡ್ ಅವರು ಹಡಗಿನ ಪ್ರೊಪೆಲ್ಲರುಗಳಿಗಾಗಿ 19ನೆಯ ಶತಮಾನದಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಆ ಲೆಕ್ಕದಂತೆ, ನಿಂತಲ್ಲಿಯೇ ಅಷ್ಟೇ ಎಂಜಿನ್ ಶಕ್ತಿಯನ್ನು ಬಳಸಿದರೆ 140 ಸೆಂ.ಮೀ. ಪ್ರೊಪೆಲ್ಲರ್ ನಿಮ್ಮದಕ್ಕಿಂತ ಸುಮಾರು ಶೇ 8 ಹೆಚ್ಚು ನೂಕುಬಲ ಕೊಡಬೇಕು. ಆದರೆ ಮಾರಾಟದ ಕರಪತ್ರಗಳಲ್ಲಿ ಮೆರೆಯುವ ಈ ನಿಂತ ನೂಕುಬಲವನ್ನು ನೋಡಿ ಪ್ರೊಪೆಲ್ಲರ್ ಕೊಳ್ಳುವುದು, ನನ್ನ ಮಟ್ಟಿಗೆ, ಕೊಂಬಿಗೆ ಹಚ್ಚಿದ ಬಣ್ಣ ನೋಡಿ ಎತ್ತಿಗೆ ಬೆಲೆ ಕಟ್ಟಿದಂತೆ. ಟೇಕಾಫ್ ಮತ್ತು ಏರಿಕೆಯ ಕೆಲವು ನಿಮಿಷಗಳನ್ನು ಬಿಟ್ಟರೆ ನೀವು ಹಾರುವುದೆಲ್ಲ ಸಮಮಟ್ಟದಲ್ಲಿ. ಅಲ್ಲಿ ಒಟ್ಟು 120 ಕಿಲೋ ತೂಕಕ್ಕೆ ಬೇಕಾಗುವ ನೂಕುಬಲ ಸುಮಾರು 20 ಕಿಲೋ, ವೇಗ ಗಂಟೆಗೆ 38 ಕಿ.ಮೀ. ಆಸುಪಾಸು. ಕೋಲಾರದ ಎತ್ತರದಲ್ಲಿ ಗಾಳಿಯ ಸಾಂದ್ರತೆ, ಅದೇ ಉಷ್ಣಾಂಶದ ಕರಾವಳಿಗಿಂತ ಸುಮಾರು ಶೇ 9 ಕಡಿಮೆ. ಇದನ್ನೂ ಸೇರಿಸಿ ಲೆಕ್ಕ ಹಾಕಿದರೆ ನಿಮ್ಮ 125 ಸೆಂ.ಮೀ. ಪ್ರೊಪೆಲ್ಲರ್ ಎಷ್ಟೇ ಕರಾರುವಾಕ್ಕಾಗಿ ತಯಾರಾಗಿದ್ದರೂ ದಕ್ಷತೆಯ ಮೇಲ್ಮಿತಿ ಶೇ 68ರಷ್ಟೇ. 140ರದ್ದಕ್ಕೆ ಅದು ಶೇ 72. ಅಲಗಿನ ಘರ್ಷಣೆ, ಬೆನ್ನ ಹಿಂದಿನ ಕದಡಿದ ಗಾಳಿ ಇವುಗಳ ನಷ್ಟ ಎರಡಕ್ಕೂ ಉಂಟು. ಹೀಗಾಗಿ ಪೆಟ್ರೋಲಿನಲ್ಲಿ ನೀವು ನಿರೀಕ್ಷಿಸಬಹುದಾದ ಉಳಿತಾಯ ಶೇ 5ರ ಸುತ್ತಮುತ್ತ. ಗಂಟೆಗೆ ಮೂರೂವರೆ ಲೀಟರ್ ಕುಡಿಯುವ ಎಂಜಿನ್ನಿಗೆ ಇದು ಒಂದು ಲೋಟ ಪೆಟ್ರೋಲಿನ ಮಾತು.

ಸದ್ದಿನ ಲಾಭ ಇದಕ್ಕಿಂತ ದೊಡ್ಡದು, ಆದರೆ ರಿಡಕ್ಷನ್ ಬದಲಾದರೆ ಮಾತ್ರ. ಇರುವ 2.68ಕ್ಕೇ 140 ಸೆಂ.ಮೀ. ಪ್ರೊಪೆಲ್ಲರನ್ನು ಬಿಗಿದರೆ ಎರಡರಲ್ಲಿ ಒಂದು ಆಗುತ್ತದೆ. ಪಿಚ್, ಅಂದರೆ ಅಲಗಿನ ಓರೆ, ಮೊದಲಿನಷ್ಟೇ ಇದ್ದರೆ, ಪ್ರೊಪೆಲ್ಲರ್ ಬೇಡುವ ಶಕ್ತಿಯು ವ್ಯಾಸದ ಐದನೆಯ ಘಾತದಂತೆ ಏರುವುದರಿಂದ, ಎಂಜಿನ್ 6,500 ಸುತ್ತು ಮುಟ್ಟುವುದೂ ಕಷ್ಟವಾಗಿ ಬಿಸಿಯೇರಿ ಏದುತ್ತದೆ. ಪಿಚ್ ಇಳಿಸಿ 7,800ಕ್ಕೆ ತಂದರೆ ತುದಿಯ ವೇಗ ಸೆಕೆಂಡಿಗೆ 213 ಮೀಟರಿಗೆ ಏರಿ, ಸದ್ದು ಮೊದಲಿಗಿಂತ ಹೆಚ್ಚಾಗುತ್ತದೆ. ಅದೇ 3.3ರ ಆಸುಪಾಸಿನ ರಿಡಕ್ಷನ್ ಜೊತೆಗಿದ್ದರೆ ತುದಿಯ ವೇಗ 173ಕ್ಕೆ ಇಳಿಯುತ್ತದೆ. ಆದ್ದರಿಂದ ಪ್ರೊಪೆಲ್ಲರ್ ಮತ್ತು ರಿಡಕ್ಷನ್ ಎರಡನ್ನೂ ಎಂಜಿನ್ ತಯಾರಕರು ಒಪ್ಪಿದ ಜೋಡಿಯಾಗಿಯೇ ಕೊಳ್ಳಬೇಕು. ಜೊತೆಗೆ ಪ್ರೊಪೆಲ್ಲರಿನ ಸುತ್ತಲಿನ ರಕ್ಷಣೆಯ ಚೌಕಟ್ಟಾದ ಕೇಜ್ ಕೂಡ ದೊಡ್ಡದಾಗಬೇಕೆಂಬುದನ್ನು ಮರೆಯಬೇಡಿ. ನಿಂತಾಗ ನಾಲ್ಕು ಬೆರಳು ಅಂತರ ಕಾಣುವ ಹೂಪ್ (ಕೇಜಿನ ಹೊರಬಳೆ), ಓಡುವಾಗ ರೆಕ್ಕೆಯ ಹಗ್ಗದ ಎಳೆತಕ್ಕೆ ಬಾಗಿ ಅಲಗಿಗೆ ತಗುಲಬಹುದು. ನಿಧಾನವಾಗಿ ತಿರುಗುವ ದೊಡ್ಡ ಪ್ರೊಪೆಲ್ಲರಿಗೆ ಅಷ್ಟೇ ಶಕ್ತಿಗೆ ಟಾರ್ಕ್ ಹೆಚ್ಚು. ಥ್ರಾಟಲ್ ಒತ್ತಿದಾಗ ನಿಮ್ಮನ್ನು ಒಂದು ಬದಿಗೆ ತಿರುಚುವ ಒತ್ತಡ ಈಗಿನದಕ್ಕಿಂತ ಕಾಲು ಭಾಗದಷ್ಟು ಹೆಚ್ಚಬಹುದು.

ಮೂರು ಅಲಗಿನ ವಿಚಾರದಲ್ಲಿ ಜನರಲ್ಲಿರುವ ನಂಬಿಕೆ ಪೂರ್ತಿ ಸರಿಯಲ್ಲ. ಅದೇ ವ್ಯಾಸ, ಅದೇ ವೇಗ ಇದ್ದರೆ ಮೂರನೆಯ ಅಲಗು ದಕ್ಷತೆಯನ್ನೇನೂ ಹೆಚ್ಚಿಸುವುದಿಲ್ಲ. ಅಲಗುಗಳು ಹಾಯುವ ಆವರ್ತನವೂ ನಿಮ್ಮ 97 ಹರ್ಟ್ಸ್‌ನಿಂದ 145ಕ್ಕೆ ಏರುತ್ತದೆ. ಕೆಳಗಿನ ಸ್ವರಗಳಿಗೆ ನಮ್ಮ ಕಿವಿ ಮಂದವಾಗಿರುವುದರಿಂದ, ಏರಿದ ಸ್ವರ ಹೆಚ್ಚು ಕೇಳಿಸುವ ಸಾಧ್ಯತೆಯೂ ಇದೆ. ಮೂರನೆಯ ಅಲಗಿನ ನಿಜವಾದ ಅನುಕೂಲ ಬೇರೆಡೆ ಇದೆ. ಪ್ಯಾರಾಮೋಟರಿನಲ್ಲಿ ಪ್ರೊಪೆಲ್ಲರ್ ಹಾರುವವನ ಬೆನ್ನ ಹಿಂದಿರುವುದರಿಂದ ದೇಹ, ಎಂಜಿನ್, ಸೈಲೆನ್ಸರ್, ಕೇಜಿನ ತೋಳುಗಳು ಇವೆಲ್ಲ ಕಲಕಿದ ಗಾಳಿಯನ್ನೇ ಅದು ಕಡೆಯುತ್ತದೆ, ಮತ್ತು ಅಲಗು ಪ್ರತಿಯೊಂದು ತೋಳಿನ ಹಿಂದೆ ಹಾಯುವಾಗಲೂ ಒಂದು ಪೆಟ್ಟು ತಿನ್ನುತ್ತದೆ. ನಾಲ್ಕು ತೋಳಿನ ಕೇಜಿನಲ್ಲಿ ಎರಡು ಅಲಗುಗಳು ಎದುರುಬದುರಿನ ಎರಡು ತೋಳುಗಳನ್ನು ಒಂದೇ ಗಳಿಗೆಯಲ್ಲಿ ಹಾಯುವುದರಿಂದ ಪೆಟ್ಟುಗಳು ಕೂಡಿಕೊಳ್ಳುತ್ತವೆ. ಮೂರು ಅಲಗುಗಳಾದರೆ ಒಂದೊಂದಾಗಿ ಹಾಯುತ್ತವೆ, ಸದ್ದು ನುಣುಪಾಗುತ್ತದೆ. ಇದೇ ಕಾರಣಕ್ಕೆ, ಖರ್ಚಿಲ್ಲದ ಮೊದಲ ಕೆಲಸವೆಂದರೆ ಆ ಗಾಳಿಯನ್ನು ಶುಚಿಗೊಳಿಸುವುದು. ನೇತಾಡುವ ಪಟ್ಟಿ, ಕೇಜಿಗೆ ಕಟ್ಟಿದ ಚೀಲ, ಸುತ್ತಿಟ್ಟ ಕೇಬಲ್ ಇವುಗಳನ್ನೆಲ್ಲ ಪ್ರೊಪೆಲ್ಲರಿನ ಮುಂದಿನಿಂದ ತೆಗೆಯಿರಿ. ಮುಂದೆಂದಾದರೂ ಕೇಜ್ ಬದಲಿಸುವಾಗ ದುಂಡು ಕೊಳವೆಯ ತೋಳುಗಳ ಬದಲು ರೆಕ್ಕೆಯಾಕಾರದ ತೋಳುಗಳಿರುವುದನ್ನು ಆರಿಸಿ. ಕೇಜಿಗೂ ಪ್ರೊಪೆಲ್ಲರಿಗೂ ನಡುವಿನ ಅಂತರ ಹೆಚ್ಚಾದಷ್ಟೂ ಸದ್ದು ಕಡಿಮೆ ಎಂಬುದು ದಿಟ. ಹಾಗೆಂದು ನೀವಾಗಿಯೇ ದಪ್ಪ ಸ್ಪೇಸರ್ ಹಾಕಿದರೆ ಶಾಫ್ಟಿನ ಬೇರಿಂಗ್ ಮೇಲೆ ಅದಕ್ಕೆ ತಾಳಲಾರದ ಭಾರ ಬೀಳುತ್ತದೆ.

ಹಣ ಖರ್ಚು ಮಾಡುವ ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನೂ ತಿಳಿದುಕೊಳ್ಳಿ. ಎಂಜಿನ್ನಿಗೆ ಒಂದೇ ಸಿಲಿಂಡರ್ ಇರುವುದರಿಂದ 7,800 ಸುತ್ತಿನಲ್ಲಿ ಅದರ ಸ್ವರ 130 ಹರ್ಟ್ಸ್, ಪ್ರೊಪೆಲ್ಲರಿನದು 97. ಗೆಳೆಯರೊಬ್ಬರನ್ನು ನೂರು ಮೀಟರ್ ದೂರದಲ್ಲಿ ನಿಲ್ಲಿಸಿ, ಆವರ್ತನ ತೋರಿಸುವ ಮೊಬೈಲ್ ಆ್ಯಪ್ ಒಂದರಲ್ಲಿ ಯಾವ ಶಿಖರ ಎತ್ತರ ಎಂದು ನೋಡಲು ಹೇಳಿ. ಮೊಬೈಲಿನ ಮೈಕಿನಿಂದ ಡೆಸಿಬಲ್ ನಿಖರವಾಗಿ ಸಿಗದಿದ್ದರೂ ಎರಡು ಸ್ವರಗಳ ಹೋಲಿಕೆಗೆ ಅದು ಸಾಕು. ನಾನು ನೋಡಿದ ಹಳೆಯ ಯಂತ್ರಗಳಲ್ಲಿ ಎಷ್ಟೋ ಸಲ ಅಪರಾಧಿ ಪ್ರೊಪೆಲ್ಲರ್ ಆಗಿರಲಿಲ್ಲ. ಸೈಲೆನ್ಸರಿನೊಳಗೆ ತುಂಬಿದ ಹತ್ತಿಯಂಥ ನಾರು ಸುಟ್ಟು ಟೊಳ್ಳಾಗಿತ್ತು, ಅಷ್ಟೆ. ಅದನ್ನು ಮತ್ತೆ ತುಂಬಿಸುವ ಖರ್ಚು ಹೊಸ ಪ್ರೊಪೆಲ್ಲರಿನ ಮುಂದೆ ಏನೇನೂ ಅಲ್ಲ.

ಇನ್ನು ಕೋಳಿ ಫಾರಂನ ಮಾತು. ದೂರ ಎರಡರಷ್ಟಾದರೆ ಸದ್ದು ಆರು ಡೆಸಿಬಲ್ ಇಳಿಯುತ್ತದೆ. ಅಂದರೆ 150 ಮೀಟರ್ ಎತ್ತರದ ಬದಲು 300 ಮೀಟರ್ ಎತ್ತರದಲ್ಲಿ ಹಾದುಹೋಗುವುದು, ತುದಿಯ ವೇಗವನ್ನು ಶೇ 20ರಷ್ಟು ಇಳಿಸಿದ್ದಕ್ಕೆ ಸಮ. ಪೂರ್ತಿ ಥ್ರಾಟಲ್‌ನ ಏರಿಕೆಯನ್ನು ಫಾರಂಗೆ ಬೆನ್ನು ಮಾಡಿ ಬೇರೆ ಕಡೆ ಮುಗಿಸಿ, ಅದರ ಸುತ್ತ ಗಿರಕಿ ಹೊಡೆಯುವುದನ್ನು ಬಿಟ್ಟರೆ ತಕರಾರಿನ ಬಹುಪಾಲು ತೀರುತ್ತದೆ. ನನ್ನ ಸಲಹೆ ಈ ಕ್ರಮದಲ್ಲಿರುತ್ತದೆ: ಮೊದಲು ಹಾರುವ ದಾರಿ, ಆಮೇಲೆ ಸೈಲೆನ್ಸರ್ ಮತ್ತು ಕೇಜಿನ ಶುಚಿ. ದೊಡ್ಡ ಪ್ರೊಪೆಲ್ಲರನ್ನು ಮುಂದಿನ ಯಂತ್ರ ಕೊಳ್ಳುವಾಗ, ಅದರ ರಿಡಕ್ಷನ್ ಮತ್ತು ಕೇಜಿನೊಡನೆಯೇ ತೆಗೆದುಕೊಳ್ಳಿ.

ಪ್ರಶ್ನೆ: ಉಡುಪಿ ಕಡೆಯ ಕಡಲತೀರದ ಮರಳಿನಲ್ಲಿ ಟೇಕಾಫ್ ಮಾಡಿ ಮಾಡಿ ನನ್ನ ಕಾರ್ಬನ್ ಪ್ರೊಪೆಲ್ಲರಿನ ಮುಂಅಂಚು ಒರಟಾಗಿದೆ, ತುದಿಯ ಬಳಿ ಒಂದು ಕಚ್ಚು ಬಿದ್ದಿದೆ. ಈಗ ಸಿಳ್ಳೆಯಂಥ ಸದ್ದು ಬರುತ್ತಿದೆ. ಮನೆಯಲ್ಲೇ ಸರಿಪಡಿಸಬಹುದೇ?

ಉತ್ತರ: ಸಿಳ್ಳೆಗೆ ಆ ಕಚ್ಚೇ ಕಾರಣವಿರಬೇಕು. ಅಲಗಿನ ಹೊರಗಿನ ಮೂರನೆಯ ಒಂದು ಭಾಗವೇ ಹೆಚ್ಚು ವೇಗದಲ್ಲಿ ಹಾಯ್ದು ಹೆಚ್ಚು ಕೆಲಸ ಮಾಡುವುದರಿಂದ, ಅಲ್ಲಿಯ ಮುಂಅಂಚು ಒರಟಾದರೆ ದಕ್ಷತೆಯೂ ಇಳಿಯುತ್ತದೆ. ಕಚ್ಚು ಮೇಲ್ಪದರಕ್ಕಷ್ಟೇ ಸೀಮಿತವಾಗಿದ್ದು ನಾರು ತುಂಡಾಗಿರದಿದ್ದರೆ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಮೂಲ ಆಕಾರಕ್ಕೆ ನಯವಾಗಿ ಉಜ್ಜಬಹುದು. ಆನಂತರ ಪ್ರೊಪೆಲ್ಲರನ್ನು ಬ್ಯಾಲೆನ್ಸರ್ ಮೇಲಿಟ್ಟು ತೂಕ ಸಮವಿದೆಯೇ ನೋಡಬೇಕು; ಒಂದೆರಡು ಗ್ರಾಂ ವ್ಯತ್ಯಾಸವೂ ತುದಿಯಲ್ಲಿದ್ದರೆ ಇಡೀ ಚೌಕಟ್ಟು ನಡುಗುತ್ತದೆ. ಮುಂಅಂಚಿಗೆ ರಕ್ಷಣೆಯ ಟೇಪ್ ಅಂಟಿಸುವುದಾದರೆ ಎರಡೂ ಅಲಗಿಗೆ ಒಂದೇ ಅಳತೆಯದನ್ನು ಅಂಟಿಸಿ, ಅರ್ಧ ಕಿತ್ತ ಟೇಪಿನೊಡನೆ ಎಂದೂ ಹಾರಬೇಡಿ. ಉಗುರಿನಿಂದ ತಟ್ಟಿದಾಗ ಒಂದು ಕಡೆ ಟೊಳ್ಳು ಸದ್ದು ಬಂದರೆ, ಅಥವಾ ಬಿರುಕು ಅಲಗಿನ ಅಗಲದ ಕಡೆಗೆ ಹರಿದಿದ್ದರೆ, ರಿಪೇರಿಯ ಯೋಚನೆಯನ್ನೇ ಬಿಟ್ಟು ಹೊಸದನ್ನು ತರಿಸಿ.