ಬೀದರ್‌ನಲ್ಲಿ ಮನೆ ಮಾಡ್ಕೊಂಡು ವಾರವಾರ ವಿಮಾನದಲ್ಲಿ ಬೆಂಗಳೂರು ಆಫೀಸಿಗೆ ಹೋಗಿಬರೋದು ವರ್ಕ್ ಆಗುತ್ತಾ? ಟಿಕೆಟ್ ಅಗ್ಗ ಇದೆ

ನಿಮ್ಮ ಪ್ರಶ್ನೆ ನೋಡಿ ನಗು ಬಂತು, ಬೇಜಾರಾಗ್ಬೇಡಿ. 2022ರಲ್ಲಿ ನಾನು ಹೆಂಡ್ತಿ ಮುಂದೆ ಲ್ಯಾಪ್‌ಟಾಪ್ ಇಟ್ಟು ಎಕ್ಸೆಲ್ ಶೀಟ್ ತೋರಿಸಿ ಹೇಳಿದ್ದು ಇದನ್ನೇ. ಬೆಂಗಳೂರು ಬಾಡಿಗೆ ಉಳೀತದೆ, ಮಗಳು ಅಜ್ಜಿ ಹತ್ರ ಬೆಳೀತಾಳೆ, ವಾರಕ್ಕೊಂದ್ಸಲ ಹಾರಿ ಹೋಗಿ ಹಾರಿ ಬರೋದು. ಶೀಟ್‌ನಲ್ಲಿ ಎಲ್ಲಾ ಕಾಲಂ ಹಸಿರು.

ಮೊದಮೊದಲು ನಿಜವಾಗ್ಲೂ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ರಾತ್ರಿಯಿಡೀ ಬಸ್ಸಲ್ಲಿ ಸೊಂಟ ಮುರ್ಕೊಂಡು ಹೋಗ್ತಿದ್ದ ದಾರಿ ಒಂದೂಕಾಲು ಗಂಟೆಗೆ ಮುಗೀತಿತ್ತು, ಹೆಂಡ್ತಿ ಬಡಿದುಕೊಟ್ಟ ಜೋಳದ ರೊಟ್ಟಿ ಆಫೀಸಲ್ಲಿ ಬಿಚ್ಚಿದ್ರೆ ಇನ್ನೂ ಮೆತ್ತಗೇ ಇರೋದು, ಶೇಂಗಾ ಹಿಂಡಿ ವಾಸನೆಗೆ ಪಕ್ಕದ ಟೀಮ್‌ನವರೂ ಎದ್ದು ಬರೋರು. ಒಂದ್ಸಲ ಅವ್ವನ್ನೂ ಕರ್ಕೊಂಡು ಹೋದೆ. ನಮ್ಮ ಏರ್‌ಪೋರ್ಟ್ ಅಂದ್ರೆ ಗೊತ್ತಲ್ಲ, ರನ್‌ವೇ ಏರ್‌ಫೋರ್ಸ್‌ನವರದ್ದು, 2020ರ ಫೆಬ್ರವರಿಯಿಂದ ನಮ್ಮಂಥೋರಿಗೂ ಒಂದು ಸಣ್ಣ ಟರ್ಮಿನಲ್. ಮೆಟ್ಟಿಲ ಹತ್ರ ಫೋಟೋ ತೆಗಿ ಅಂದ್ಳು, ಅಲ್ಲಿದ್ದವರು ಬೇಡಮ್ಮ ಅಂದ್ರು. "ಇಷ್ಟು ರೊಕ್ಕ ಕೊಟ್ಟು ಒಂದು ಫೋಟೋ ಇಲ್ಲ" ಅಂತ ಈಗಲೂ ಬಂದವರ ಮುಂದೆಲ್ಲಾ ಹೇಳ್ತಾಳೆ.

ಈಗ ತಪ್ಪಿನ ವಿಷಯ. ಬೀದರ್‌ಗೆ ಬಂದಿದ್ದು ತಪ್ಪಲ್ಲ, ವಿಮಾನ ನಂಬಿದ್ದೂ ಪೂರ್ತಿ ತಪ್ಪಲ್ಲ. ತಪ್ಪು ಇದ್ದದ್ದು ಒಂದು ಮೇಲ್‌ನಲ್ಲಿ. ಮ್ಯಾನೇಜರ್ ಒಳ್ಳೆಯವರು, "ವಾರಕ್ಕೆ ಎರಡು ದಿನ ಆಫೀಸಿಗೆ ಬನ್ನಿ ಸಾಕು" ಅಂದಿದ್ರು, ಯಾವ ದಿನ ಅಂತ ಕೇಳಿರ್ಲಿಲ್ಲ. ನಾನೇ ದೊಡ್ಡ ಶಿಸ್ತಿನ ಮನುಷ್ಯನ ಥರ, ವಿಮಾನ ಯಾವತ್ತು ಇದೆ ಅಂತ ನೋಡಿ, ವಾರದಲ್ಲಿ ಇಂಥ ದಿನ ಮತ್ತು ಇಂಥ ದಿನ ಖಂಡಿತ ಬರ್ತೀನಿ ಅಂತ ದಿನದ ಹೆಸರು ಹಾಕಿ ಎಚ್‌ಆರ್‌ಗೂ ಸಿಸಿ ಹಾಕಿ ಕಳಿಸಿಬಿಟ್ಟೆ. ಅಂದ್ರೆ ಏನು ಮಾಡಿದೆ ನೋಡಿ, ಇನ್ಯಾರದೋ ಟೈಮ್‌ಟೇಬಲ್‌ಗೆ ನಾನು ಸಹಿ ಹಾಕ್ದೆ. ಆ ವಿಮಾನ ಕಂಪನಿಯವರು ನನಗೆ ಮಾತು ಕೊಟ್ಟಿರ್ಲಿಲ್ಲ, ಅವರ ಪರವಾಗಿ ನಾನೇ ಆಫೀಸಿಗೆ ಮಾತು ಕೊಟ್ಟೆ. ಆ ದಿನಗಳನ್ನ ಹಿಡ್ಕೊಂಡು ನಮ್ಮ ಕ್ಲೈಂಟ್ ಮೀಟಿಂಗ್ ಫಿಕ್ಸ್ ಆದ್ವು, ಹತ್ತು ಜನರ ಕ್ಯಾಲೆಂಡರ್‌ನಲ್ಲಿ ನಾನು ಕೂತ್ಬಿಟ್ಟೆ. ಎರಡೇ ಎರಡು ಪದ ಬರೀದೆ ಇದ್ದಿದ್ರೆ ಇವತ್ತು ಈ ಉತ್ತರನೂ ಬರೀತಿರ್ಲಿಲ್ಲ.

ವಿಮಾನದ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತೆ, ಮಾರ್ಚ್ ಕೊನೇ ಭಾನುವಾರ ಮತ್ತು ಅಕ್ಟೋಬರ್ ಕೊನೇ ಭಾನುವಾರ. ಇದು ನನಗೆ ಗೊತ್ತಿರ್ಲಿಲ್ಲ, ಗೊತ್ತಾಗಿದ್ದು ಬದಲಾದ ಮೇಲೆ. ಅದು ಬಿಟ್ರೂ ಸಣ್ಣ ಕಂಪನಿ ಹತ್ರ ಇರೋದೇ ಬೆರಳೆಣಿಕೆ ವಿಮಾನ, ಅದೇ ಒಂದು ದಿನಕ್ಕೆ ನಾಲ್ಕೈದು ಊರು ಸುತ್ತುತ್ತೆ, ಬೆಳಿಗ್ಗೆ ಇನ್ನೆಲ್ಲೋ ಮಂಜು ಬಿದ್ದು ತಡ ಆಗಿದ್ದು ಸಂಜೆ ನಿಮ್ಮ ತಲೆ ಮೇಲೆ ಬೀಳುತ್ತೆ. ಇಷ್ಟನ್ನೂ ಹೆಂಗೋ ಸಂಭಾಳಿಸಿದೆ. 2023ರ ಕೊನೆಗೆ ಹಾರಾಟನೇ ನಿಂತುಹೋಯ್ತು. ಅವ್ವನಿಗೆ ಹೇಳಿದ್ರೆ "ಬಸ್ಸೇನು ಬಂದ್ ಆಗ್ಯದೇನು?" ಅಂದ್ಳು.

ಬಸ್ಸು ಹಿಡಿದೆ, ಯಶವಂತಪುರ ರೈಲು ಹಿಡಿದೆ, ನಾಲ್ಕು ತಿಂಗಳು ವಾರಕ್ಕೆರಡು ರಾತ್ರಿ ನಿದ್ದೆ ಇಲ್ಲ. ಒಂದಿನ ಮೀಟಿಂಗ್‌ಗೆ ಒಂದೂವರೆ ಗಂಟೆ ತಡವಾಗಿ, ಹೆಗಲಿಗೆ ಬೆಡ್‌ಶೀಟ್ ಬ್ಯಾಗ್ ಹಾಕ್ಕೊಂಡೇ ಒಳಗೆ ಹೋದೆ. ಮ್ಯಾನೇಜರ್ ಬೈಲಿಲ್ಲ, ಸ್ಕ್ರೀನ್ ತಿರುಗಿಸಿ ನನ್ನ ಮೇಲ್ ತೋರಿಸಿದ್ರು ಅಷ್ಟೇ. ಪ್ರಾಜೆಕ್ಟ್‌ನಿಂದ ತೆಗೆದ್ರು, ಆಮೇಲೆ ನಾನೇ ರಾಜೀನಾಮೆ ಕೊಟ್ಟೆ. ಬೆಂಗಳೂರು ಮನೆ ಆಗ್ಲೇ ಬಿಟ್ಟಾಗಿತ್ತು, ಅಡ್ವಾನ್ಸ್ ದುಡ್ಡು ಊರ ಮನೆ ಮಾಳಿಗೆ ರಿಪೇರಿಗೆ ಹೋಗಿತ್ತು.

ಆಮೇಲೆ ಕೂತು ಓದಿದೆ, ಮೊದಲೇ ಓದ್ಬೇಕಿತ್ತು. ಸಣ್ಣ ಊರಿಗೂ ಅಗ್ಗದಲ್ಲಿ ವಿಮಾನ ಬರಲಿ ಅಂತ ಕೇಂದ್ರ ಸರ್ಕಾರ ಮಾಡಿದ ಉಡಾನ್ ಸ್ಕೀಮ್‌ನಲ್ಲಿ ಅರ್ಧದಷ್ಟು ಸೀಟಿಗೆ ದರದ ಮಿತಿ, ಆ ನಷ್ಟ ತುಂಬೋಕೆ ಕಂಪನಿಗೆ ಸಬ್ಸಿಡಿ, ಅದೂ ಮೂರು ವರ್ಷ ಮಾತ್ರ. ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿಯ 2023ರ ವರದಿ ಪ್ರಕಾರ ಹಂಚಿದ್ದು 774 ಮಾರ್ಗ, ಅದರಲ್ಲಿ 403 ಶುರುನೇ ಆಗಿಲ್ಲ, ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112, ಅದಾದ್ಮೇಲೂ ಉಳಿದಿದ್ದು ಬರೀ 54. ಬೀದರ್‌ಗೆ 2025ರಲ್ಲಿ ಮತ್ತೆ ವಿಮಾನ ಬಂತು, ಖುಷಿನೇ, ಆದ್ರೆ ಸೀಟು ತುಂಬಿ ಬಂದಿದ್ದಲ್ಲ, ಸರ್ಕಾರ ನಷ್ಟ ತುಂಬಿಕೊಡ್ತೀನಿ ಅಂದಿದ್ದಕ್ಕೆ ಬಂದಿದ್ದು.

ಹಾಗಾಗಿ ಟಿಕೆಟ್ ಅಗ್ಗ ಇದೆಯಲ್ಲ ಅನ್ನೋ ನಿಮ್ಮ ಲೆಕ್ಕನೇ ತಪ್ಪು ಅಂತೀನಿ ನಾನು. ಅಗ್ಗ ಇದೆ ಅಂದ್ರೆ ಉಳಿದ ದುಡ್ಡು ಬೇರೆ ಯಾರೋ ಕೊಡ್ತಿದ್ದಾರೆ, ಅವರು ಯಾವಾಗ ಕೈ ಬಿಡ್ತಾರೆ ಅನ್ನೋದು ನೀವು ಕೇಳ್ಬೇಕಾದ ಪ್ರಶ್ನೆ. ಬೀದರ್‌ಗೆ ಬನ್ನಿ, ಬೇಡ ಅನ್ನಲ್ಲ, ನಾನು ಇನ್ನೂ ಇಲ್ಲೇ ಇದ್ದೀನಿ. ಆದ್ರೆ ಲೆಕ್ಕ ಹಾಕೋದಾದ್ರೆ ಹೈದರಾಬಾದ್ ಹಿಡಿದು ಹಾಕಿ. ಅಲ್ಲಿನ ಶಂಷಾಬಾದ್ ಏರ್‌ಪೋರ್ಟ್‌ಗೆ ಕಾರಲ್ಲಿ ಮೂರು ಗಂಟೆ, ಅಲ್ಲಿಂದ ಬೆಂಗಳೂರಿಗೆ ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದಲ್ಲ ಒಂದು ವಿಮಾನ ಇದ್ದೇ ಇರುತ್ತೆ. ಆ ಖರ್ಚು, ಆ ಸುಸ್ತು ತಡ್ಕೊಳ್ಳೋಕಾಗುತ್ತೆ ಅನಿಸಿದ್ರೆ ಮಾತ್ರ ಬೆಂಗಳೂರು ಮನೆ ಖಾಲಿ ಮಾಡಿ. ಬೀದರ್ ವಿಮಾನ ಸಿಕ್ಕ ದಿನ ಹಬ್ಬ ಅಂದ್ಕೊಳ್ಳಿ.

ಮತ್ತೆ ಆಫೀಸಿಗೆ ಮೇಲ್ ಇನ್ನೂ ಕಳಿಸಿಲ್ಲ ಅಂದ್ರೆ ಒಂದ್ಸಲ ತೆಗೆದು ನೋಡಿ. "ವಾರಕ್ಕೆ ಎರಡು ದಿನ" ಅಂತ ಇದ್ರೆ ಸರಿ. ದಿನದ ಹೆಸರು ಇದ್ರೆ ಈಗಲೇ ಅಳಿಸಿ.