ಓದುಗರ ಪ್ರಶ್ನೆ: ಫ್ಲೆಮಿಶ್ ವರ್ಜಿನಲ್ ಕಟ್ಟುವವರಿಗೆ, ನುಡಿಸುವವರಿಗೆ

ಪ್ರಶ್ನೆ: ವೀಣೆ ಮಾಡುವ ಕೆಲಸ ಬರುತ್ತದೆ. ಆಂಟ್ವರ್ಪ್‌ನ ರುಕರ್ಸ್ ಮನೆತನದವರ ಫ್ಲೆಮಿಶ್ (ಇಂದಿನ ಬೆಲ್ಜಿಯಂನ ಉತ್ತರಭಾಗದ) ಮಾದರಿಯಲ್ಲಿ ಒಂದು ವರ್ಜಿನಲ್ (ಕೀ ಒತ್ತಿದರೆ ತಂತಿ ಮೀಟುವ ಪೆಟ್ಟಿಗೆ ವಾದ್ಯ) ಕಟ್ಟುವ ಆಸೆ. ನಮ್ಮಲ್ಲಿ ಒಣಗಿದ ಹಲಸಿನ ಮರ ಇದೆ, ಆಗಬಹುದೆ?
– ಒಬ್ಬ ಓದುಗರು, ಮೈಸೂರು

ಉತ್ತರ: ಹಲಸು ಬೇಡ. ವೀಣೆಯ ಕೊಡಕ್ಕೆ ಅದಕ್ಕಿಂತ ಒಳ್ಳೆಯ ಮರವಿಲ್ಲ, ಆದರೆ ಈ ಪೆಟ್ಟಿಗೆಗೆ ಭಾರವಾಗುತ್ತದೆ. 1579ರಲ್ಲಿ ಸೇಂಟ್ ಲ್ಯೂಕ್ ಕುಶಲಕರ್ಮಿಗಳ ಸಂಘ ಸೇರಿದ ಹಾನ್ಸ್ ರುಕರ್ಸ್, ಆಮೇಲೆ ಅವರ ಮಕ್ಕಳು, ಪಕ್ಕದ ಹಲಗೆಗಳಿಗೆ ಹಗುರವಾದ ಪಾಪ್ಲರ್ ಮರ ಬಳಸಿದರು. ನಮ್ಮಲ್ಲಿ ತೂಕದಲ್ಲಿ ಅದಕ್ಕೆ ಹತ್ತಿರ ಬರುವುದು ಹೆಬ್ಬೇವು. ಮಂಡ್ಯ ಸುತ್ತಿನ ಹೊಲಗಳಲ್ಲೇ ಬೆಳೆಯುತ್ತಾರೆ. ಎಳೆ ನೇರವಿರುವ ಹಲಗೆ ಆರಿಸಿ, ಚೆನ್ನಾಗಿ ಒಣಗಿಸಿ, ಸುಮಾರು 12 ಮಿ.ಮೀ.ಗೆ ತೋಪಡ ಹಿಡಿಯಿರಿ. ಹುಳು ಬೀಳದಂತೆ ಬೋರಾಕ್ಸ್-ಬೋರಿಕ್ ನೀರಿನ ಉಪಚಾರ ಮೊದಲೇ ಆಗಿರಲಿ.

ನಾದದ ಹಲಗೆಗೆ ಮಾತ್ರ ರಾಜಿ ಬೇಡ: ಸ್ಪ್ರೂಸ್ ಮರವೇ ಆಗಬೇಕು, ಮರದ ಬೆಳವಣಿಗೆಯ ಉಂಗುರಗಳು ಹಲಗೆಗೆ ಲಂಬವಾಗಿ ನಿಲ್ಲುವಂತೆ ಸೀಳಿದ್ದೇ ಆಗಬೇಕು. ಗಿಟಾರಿಗೆ ಮಾರುವ ತುಂಡುಗಳ ಉದ್ದ ಸಾಲದು, ಪಿಯಾನೋ ಹಲಗೆಗೆಂದು ಬರುವ ಮಾಲು ಕೇಳಿ. ದಪ್ಪ 3 ಮಿ.ಮೀ. ಆಸುಪಾಸು ಇರಲಿ. ಕೆಳಗೆ ಅಂಟಿಸುವ ಅಡ್ಡಪಟ್ಟಿ ತಂತಿಗಳನ್ನು ಹೊರುವ ಕುದುರೆಯ ಅಡಿಯಲ್ಲಿ ಹಾದುಹೋಗಬಾರದು, ಹಾದರೆ ಆ ಜಾಗದ ಸ್ವರಗಳು ಸಪ್ಪೆಯಾಗುತ್ತವೆ. ಗಟ್ಟಿ ಕೆಲಸಕ್ಕೆ ಒಗ್ಗಿದ ಕೈ ಇಲ್ಲೇ ಎಡವುತ್ತದೆ. ಬಿರಿಯಬಹುದೆಂದು ಹೆದರಿ ಹಲಗೆ ದಪ್ಪ ಬಿಟ್ಟು, ಪಟ್ಟಿ ಹೆಚ್ಚು ಹಾಕಿ, ವಾದ್ಯದ ಬಾಯಿ ಕಟ್ಟಿಬಿಡುತ್ತೇವೆ.

ಹಲಗೆ ಅಂಟಿಸುವ ಕಾಲ ಫೆಬ್ರವರಿ-ಮಾರ್ಚ್. ಒಣಹವೆಯಲ್ಲಿ ಕುಗ್ಗಿದ ಸ್ಥಿತಿಯಲ್ಲೇ ಅಂಟಿಸಿದರೆ ಮಳೆಗಾಲದಲ್ಲಿ ಹಿಗ್ಗಿ ಸ್ವಲ್ಪ ಉಬ್ಬುತ್ತದೆ, ಅಷ್ಟೆ. ಜುಲೈನಲ್ಲಿ ಅಂಟಿಸಿದ್ದು ಮುಂದಿನ ಬೇಸಿಗೆಗೆ ಸೀಳುವ ಸಂಭವ ಹೆಚ್ಚು. ಅಂಟಿಗೆ ಸರೇಸು (ಪ್ರಾಣಿಗಳ ತೊಗಲು-ಮೂಳೆಯ ಅಂಟು) ಬಳಸಿ, ಮುಂದೆ ಬಿಚ್ಚಿ ರಿಪೇರಿ ಮಾಡಲು ಬರುತ್ತದೆ. ಫ್ಲೆಮಿಶ್ ಕ್ರಮದಲ್ಲಿ ತಳದ ಹಲಗೆ ಕೂರುವುದು ಕೊನೆಗೆ. ಅದಕ್ಕೆ ಮುಂಚೆ ಒಳಗಿನ ಅಂಟನ್ನೆಲ್ಲ ಕೆಳಗಿನಿಂದ ನೋಡಿಬಿಡಿ.

ಮೊದಲ ವಾದ್ಯವಾದ್ದರಿಂದ ಕೀಗಳು ಎಡಕ್ಕಿರುವ ಸ್ಪಿನೆಟ್ ಬಗೆ ಆರಿಸಿ. ಕೀಗಳು ಬಲಕ್ಕಿರುವ ಮ್ಯೂಸೆಲಾರ್ ತಂತಿಯನ್ನು ನಡುಭಾಗದಲ್ಲಿ ಮೀಟುತ್ತದೆ. ಅದರ ನಾದ ಕೊಳಲಿನಂತೆ ದುಂಡಗೆ, ಬಹಳ ಚಂದ. ಆದರೆ ಎಡಗೈಯ ಯಂತ್ರಭಾಗವೆಲ್ಲ ನಾದದ ಹಲಗೆಯ ಮಧ್ಯದಲ್ಲೇ ಇರುವುದರಿಂದ ಅದರ ಸದ್ದೂ ಕೇಳಿಸುತ್ತದೆ, ಮಂದ್ರದಲ್ಲಿ ವೇಗದ ನುಡಿ ಕಷ್ಟ. 1739ರಲ್ಲೇ ಡಚ್ ಸಂಗೀತಗಾರ ವಾನ್ ಬ್ಲಾಂಕೆನ್‌ಬುರ್ಖ್ ಅದನ್ನು ಹಂದಿಮರಿಗಳ ಗುರುಗುಟ್ಟುವಿಕೆಗೆ ಹೋಲಿಸಿದ್ದರು.

ಪ್ರಶ್ನೆ: ಮಳೆ ಹಿಡಿದ ಮೇಲೆ ನಮ್ಮ ವರ್ಜಿನಲ್‌ನ ಕೆಲವು ಕೀಗಳು ಒಮ್ಮೆ ನುಡಿದು ಎರಡನೇ ಸಲ ಸುಮ್ಮನಾಗುತ್ತಿವೆ. ಎಣ್ಣೆ ಬಿಡಬಹುದೆ?
– ಓದುಗರು, ಮಂಡ್ಯ

ಉತ್ತರ: ಎಣ್ಣೆ ಖಂಡಿತ ಬೇಡ. ಧೂಳು ಹಿಡಿದು ಇನ್ನಷ್ಟು ಅಂಟುತ್ತದೆ. ಕೀಯ ಹಿಂತುದಿಯ ಮೇಲೆ ನಿಲ್ಲುವ ತೆಳು ಪಟ್ಟಿಗೆ ಜ್ಯಾಕ್ ಎನ್ನುತ್ತಾರೆ. ಮೇಲಿನ ತಡೆಪಟ್ಟಿ ತೆಗೆದು ಆ ಜ್ಯಾಕನ್ನು ಎತ್ತಿ ಬಿಡಿ. ತನ್ನ ತೂಕಕ್ಕೆ ತಾನೇ ಬೀಳದಿದ್ದರೆ ಮರ ಹಿಗ್ಗಿದೆ. ಜ್ಯಾಕಿನ ಪಕ್ಕಗಳನ್ನು 400 ನಂಬರ್ ಉಜ್ಜುಕಾಗದದಿಂದ ಎರಡೆಳೆ ಉಜ್ಜಿ, ಪೆನ್ಸಿಲ್ ಸೀಸ ಸವರಿ. ಅದು ಕೂರುವ ಕಂಡಿಯನ್ನು ಅಗಲ ಮಾಡಬೇಡಿ, ಬೇಸಿಗೆಯಲ್ಲಿ ಗಡಗಡ ಅಲ್ಲಾಡುತ್ತದೆ.

ಸರಾಗವಾಗಿ ಬಿದ್ದರೂ ಸ್ವರ ಬಾರದಿದ್ದರೆ ಜ್ಯಾಕಿನ ಮೇಲ್ತುದಿಯಲ್ಲಿ ನಾದ ನಿಲ್ಲಿಸುವ ಉಣ್ಣೆಬಟ್ಟೆಯ ತುಂಡನ್ನು ನೋಡಿ. ಅದು ತಗ್ಗಿದ್ದರೆ ಜ್ಯಾಕ್ ತಂತಿಯ ಮೇಲೇ ತೂಗುತ್ತದೆ, ಮೀಟುವ ಮೊನೆ ಕೆಳಗಿಳಿಯುವುದಿಲ್ಲ. ಬಟ್ಟೆ ತಂತಿಯನ್ನು ಮುಟ್ಟಿದಾಗ ಮೊನೆ ತಂತಿಗಿಂತ 1 ಮಿ.ಮೀ. ಕೆಳಗಿರಬೇಕು. ಮೊನೆ ತಂತಿಯಾಚೆ ಅರ್ಧ ಮಿ.ಮೀ. ಚಾಚಿದರೆ ಸಾಕು. ಹೆಚ್ಚಿದ್ದರೆ ಹೊಸ ಬ್ಲೇಡಿನಿಂದ ಕೂದಲೆಳೆಯಷ್ಟೇ ಕತ್ತರಿಸಿ ಪ್ರತಿ ಸಲ ನುಡಿಸಿ ನೋಡಿ, ಮೋಟಾದರೆ ಬೇರೆಯದೇ ಹಾಕಬೇಕು. ಕೊನೆಗೆ, ಮೊನೆಯನ್ನು ಹಿಡಿದಿರುವ ನಾಲಿಗೆಯ ಹಿಂದಿನ ಹಂದಿಗೂದಲ ಸ್ಪ್ರಿಂಗ್. ಉಗುರಿನಿಂದ ನಾಲಿಗೆ ಹಿಂದಕ್ಕೆ ತಳ್ಳಿದರೆ ತಾನಾಗಿ ಮರಳಬೇಕು. ಮರಳದಿದ್ದರೆ ನಿಮ್ಮ ‘ಎರಡನೇ ಸಲ ಮೌನ’ಕ್ಕೆ ಅದೇ ಕಾರಣ. ಮೊನೆಗೆ ಹಕ್ಕಿಗರಿಯ ಬದಲು ಡೆಲ್ರಿನ್ ಎಂಬ ಪ್ಲಾಸ್ಟಿಕ್ ಹಾಕಿದರೆ ಹವೆಯ ಕಾಟ ಕಡಿಮೆ.

ಪ್ರಶ್ನೆ: ವರ್ಜಿನಲ್ಲಿನ ತಾರಸ್ಥಾಯಿಯಲ್ಲಿ ವೀಣೆಯ ಹಿತ್ತಾಳೆ ತಂತಿ ಹಾಕಿದೆ, ಶ್ರುತಿಗೆ ಬರುವ ಮುಂಚೆಯೇ ತುಂಡಾಯಿತು. ದಪ್ಪ ತಂತಿ ಹಾಕಲೆ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ದಪ್ಪ ಹಾಕಿದರೂ ತುಂಡಾಗುತ್ತದೆ. ಒಂದೇ ಲೋಹವಾದರೆ ಎಷ್ಟು ಶ್ರುತಿ ತಡೆಯುತ್ತದೆಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ಉದ್ದ, ದಪ್ಪವಲ್ಲ. ಫ್ಲೆಮಿಶ್ ಮಾದರಿಯಲ್ಲಿ ಮಧ್ಯದ ಸಿ ಸ್ವರಕ್ಕಿಂತ ಒಂದು ಸ್ಥಾಯಿ ಮೇಲಿನ ಸಿ ತಂತಿ ಸುಮಾರು 35 ಸೆಂ.ಮೀ.; ಅದು ಕಬ್ಬಿಣದ ತಂತಿಗೆ ಕಟ್ಟಿದ ಅಳತೆ. ಹಿತ್ತಾಳೆಗಾದರೆ ಅಲ್ಲಿ 28 ಸೆಂ.ಮೀ. ಸುತ್ತ ಇರಬೇಕಿತ್ತು. ಹಿತ್ತಾಳೆಯ ಜಾಗ ಮಂದ್ರದಲ್ಲಿ. ಶ್ರುತಿಯನ್ನೂ ಎ ಸ್ವರ = 415 ಹರ್ಟ್ಸ್‌ಗೇ ನಿಲ್ಲಿಸಿ, ಹಾರ್ಮೋನಿಯಂ ಜೊತೆ ಸೇರಲೆಂದು 440ಕ್ಕೆ ಎಳೆಯಬೇಡಿ. ಕಬ್ಬಿಣದ ತಂತಿಗೂ ಅದು ಅಂಚಿನ ಮಾತು.

ಪ್ರಶ್ನೆ: ಕೀಗಳ ಸುತ್ತ ಅಂಟಿಸುವ ಅಚ್ಚಿನ ಕಾಗದಕ್ಕೆ ಯಾವ ಅಂಟು?
– ಓದುಗರು, ಮೈಸೂರು

ಉತ್ತರ: ಮೈದಾ ಅಂಟು ಸಾಕು. ಬೈಂಡಿಂಗ್ ಅಂಗಡಿಯವರಂತೆ ಚಿಟಿಕೆ ಮೈಲುತುತ್ತ ಬೆರೆಸಿದರೆ ಹುಳು ಮುಟ್ಟುವುದಿಲ್ಲ. ತೆಳುವಾಗಿ ಬಳಿದು, ನಡುವಿನಿಂದ ಅಂಚಿಗೆ ಒತ್ತಿ.